ನಾಲ್ಕು ಬೆರಳು ದೂರದ ಲಾಠಿ

ಕಳೆದ ವಾರ ಪುಣೆಯ ವಾಕಡಕ್ಕೆ ಹೋಗಿದ್ದೆ. ನಾವು ಹನ್ನೊಂದು ವರ್ಷ ಬಾಳಿದ ಹಳೆಯ ಅಪಾರ್ಟ್‌ಮೆಂಟ್ ಸೊಸೈಟಿಯಲ್ಲಿ ಗೆಳತಿಯ ಮಗನ ಮುಂಜಿ ಇತ್ತು. ಗೇಟಿನ ಪಕ್ಕದ ಗೋಡೆಗೆ ಹೊಸ ಬ್ಯಾನರ್ ಕಟ್ಟಿದ್ದರು. ಒಂಬತ್ತು ಗಜದ ಸೀರೆ ಕಚ್ಚೆ ಹಾಕಿ ಉಟ್ಟ ಹುಡುಗಿಯೊಬ್ಬಳು ಲಾಠಿ ಎತ್ತಿ, ಹಲ್ಲು ಕಚ್ಚಿ ನಿಂತ ಚಿತ್ರ. ಮೇಲೆ ಮರಾಠಿಯಲ್ಲಿ ದಪ್ಪ ಅಕ್ಷರಗಳು: ‘ಏಳು ದಿನದಲ್ಲಿ ರಣರಾಗಿಣಿ ಆಗಿ! ಪಾರಂಪರಿಕ ಯುದ್ಧಕಲೆಯಿಂದ ಆತ್ಮರಕ್ಷಣೆ.’ ಏಳು ದಿನವಂತೆ! ನಮಗೆ ಮೋಸ ಮಾಡುವಾಗ ಮೂರು ತಿಂಗಳಾದರೂ ತೆಗೆದುಕೊಂಡಿದ್ದರು. ಈಗ ಅಷ್ಟೂ ಪುರುಸೊತ್ತಿಲ್ಲ.

ಒಳಗೆ ಹೋದರೆ ಪಾರ್ಕಿಂಗಿನ ಗೋಡೆಗೆ ಹೊಸ ಲಾಠಿಗಳನ್ನು ಸಾಲಾಗಿ ಒರಗಿಸಿದ್ದರು. ಬಿದಿರು ಸೀಳಬಾರದೆಂದು ಹಚ್ಚಿದ ಕುಸುಬಿ ಎಣ್ಣೆಯ ವಾಸನೆ ಮೂಗಿಗೆ ಬಡಿಯಿತು. ಧಾರವಾಡದ ನಮ್ಮ ಮನೆಯಲ್ಲಿ ಆ ಎಣ್ಣೆಯಲ್ಲೇ ಅಡುಗೆ. ಹಾಗಾಗಿ ನನಗೆ ಆ ವಾಸನೆ ಬಂದರೆ ಹಸಿವಾಗಬೇಕು. ಆಗುವುದಿಲ್ಲ. ವಾಕಡದ ಆ ಒಂದು ಮಳೆಗಾಲದ ನಂತರ ಆ ವಾಸನೆಗೆ ನನಗೆ ಬರುವುದು ಸಿಟ್ಟು ಮಾತ್ರ. ಮುಂಜಿಯ ಊಟದಲ್ಲಿ ಹೋಳಿಗೆಯನ್ನು ಎಲೆಯಲ್ಲೇ ಬಿಟ್ಟು ಎದ್ದೆ.

ಆ ವರ್ಷ ನನ್ನ ಒಬ್ಬಳೇ ಮಗಳು ವೀಣಾಳಿಗೆ ಹತ್ತೊಂಬತ್ತು. ಫಾರ್ಮಸಿ ಎರಡನೆಯ ವರ್ಷ. ಕಾಲೇಜು ಪುಣೆ ಕ್ಯಾಂಪಿನ ಆಚೆ, ಊರಿನ ಇನ್ನೊಂದು ತುದಿಗೆ. ಬೆಳಿಗ್ಗೆ ಆರೂ ನಲವತ್ತರ ಬಸ್ಸು ತಪ್ಪಿದರೆ ಮೊದಲ ಪ್ರ್ಯಾಕ್ಟಿಕಲ್ ತಪ್ಪಿದಂತೆಯೇ. ಬಸ್ ಸ್ಟಾಪಿಗೆ ನಮ್ಮ ಸೊಸೈಟಿಯ ಹಿಂದಿನ ಗೇಟು ದಾಟಿ, ಒಂದು ಕಡೆ ಕಾಂಪೌಂಡು, ಇನ್ನೊಂದು ಕಡೆ ಅರ್ಧಕ್ಕೆ ನಿಂತ ಕಟ್ಟಡವಿದ್ದ ಗಲ್ಲಿಯಲ್ಲಿ ನಡೆಯಬೇಕಿತ್ತು. ನಾನು ಕ್ಯಾಂಪಿನ ಒಂದು ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ನನ್ನ ಹೊತ್ತು ಒಂಬತ್ತೂವರೆಯ ಮೇಲೆ. ನಮ್ಮವರು ಬಾರಾಮತಿಯ ಒಂದು ಹಾಲಿನ ಡೇರಿಯಲ್ಲಿ ಸೂಪರ್‌ವೈಸರ್. ಶನಿವಾರ ಸಂಜೆ ಬಂದು ಸೋಮವಾರ ಬೆಳಿಗ್ಗೆ ಹೋಗುವವರು. ಉಳಿದ ದಿನ ಫೋನಿನಲ್ಲೇ ಸಂಸಾರ ನಡೆಸುತ್ತಿದ್ದರು.

ಏಪ್ರಿಲ್‌ನಲ್ಲಿ ಬಿ ವಿಂಗಿನ ಹುಡುಗಿಯೊಬ್ಬಳ ಹಿಂದೆ ಆ ಗಲ್ಲಿಯಲ್ಲಿ ಯಾರೋ ಬೈಕಿನಲ್ಲಿ ಎರಡು ದಿನ ಬಂದ. ಸೊಸೈಟಿಯ ಸಭೆ ಕರೆದರು. ಹೆಂಗಸರು ಕೇಳಿದ್ದು ಎರಡೇ ಎರಡು: ಗಲ್ಲಿಗೆ ದೀಪ ಹಾಕಿಸಿ, ಹಿಂದಿನ ಗೇಟಿನ ವಾಚಮನ್ ಹುಡುಗಿಯರು ಬಸ್ಸು ಹತ್ತುವ ತನಕ ಗಲ್ಲಿಯ ಬಾಯಲ್ಲಿ ನಿಲ್ಲಲಿ. ನಮ್ಮ ಸೆಕ್ರೆಟರಿ ಸಾಹೇಬರು ಎದ್ದರು. ನಾಟಕದ ಹುಚ್ಚಿನ ಮನುಷ್ಯ, ಮೈಕು ಸಿಕ್ಕರೆ ಬಿಡುವವರಲ್ಲ. ಹೆಣ್ಣುಮಕ್ಕಳನ್ನು ಎಷ್ಟು ದಿನ ಕಾಯುತ್ತ ಕೂಡೋಣ, ಅವರನ್ನೇ ಗಟ್ಟಿ ಮಾಡೋಣ, ಲಾಠಿ ನಮ್ಮ ಮಣ್ಣಿನ ವಿದ್ಯೆ, ಅದನ್ನು ಕಲಿತ ಹುಡುಗಿಯನ್ನು ಯಾವನು ಮುಟ್ಟುತ್ತಾನೆ ನೋಡೋಣ ಎಂದರು. ಚಪ್ಪಾಳೆಯೋ ಚಪ್ಪಾಳೆ. ನಾನೂ ತಟ್ಟಿದೆ, ಸುಳ್ಳು ಯಾಕೆ ಹೇಳಲಿ. ಮೇ ತಿಂಗಳಿಗೆ ಪಕ್ಕದ ಮೈದಾನದಲ್ಲಿ ಕ್ಲಾಸು ಶುರುವಾಯಿತು. ಜೂನ್ ತಿಂಗಳ ಮೊದಲ ಮಳೆಗೆ ಹಿಂದಿನ ಗೇಟಿನ ವಾಚಮನ್‌ನನ್ನೇ ತೆಗೆದರು. ಹುಡುಗಿಯರು ತಯಾರಾದರಲ್ಲ, ಇನ್ನು ಅವನೇಕೆ ಎಂಬ ಲೆಕ್ಕ.

ನಮ್ಮವರು ಬಾರಾಮತಿಯಿಂದ ಅಪ್ಪಣೆ ಕೊಟ್ಟರು. “ಲಾಠಿ ಕಲೀಲಿ. ಕಲ್ತು ಪಾಸಾದ ಮ್ಯಾಲೆ ಒಬ್ಬಾಕಿನ ಬಸ್ ಸ್ಟಾಪಿಗೆ ಹೋಗ್ಲಿ. ಅಲ್ಲೀತನಕಾ ಮುಂಜಾನೆ ನೀ ಬಿಟ್ಟ ಬಾ. ಮತ್ತ ಆ ಕ್ಲಾಸಿಗೂ ಆಕಿನ್ನ ಒಬ್ಬಾಕಿನ್ನ ಕಳಸಬ್ಯಾಡ, ಆ ಮೈದಾನ ಛಲೋ ಇಲ್ಲ.”

“ಅಲ್ರೀ, ತನ್ನನ್ನ ತಾ ಕಾಯೋದು ಕಲಿಲಿಕ್ಕೆ ಹೊಂಟಾಕಿಗೆ ಕಾವಲಿಗೆ ನಾನೇನು?” ಎಂದೆ.

“ಅದೆಲ್ಲಾ ನನಗ ಗೊತ್ತಿಲ್ಲ,” ಎಂದು ಫೋನಿಟ್ಟರು.

ಹೀಗೆ ಆತ್ಮರಕ್ಷಣೆಯ ಕ್ಲಾಸಿಗೆ ಹೋಗುವ ಮಗಳ ರಕ್ಷಣೆಗೆ ನಾನು ವಾರಕ್ಕೆ ಮೂರು ಸಂಜೆ ಮೈದಾನದ ಅಂಚಿನಲ್ಲಿ ನಿಲ್ಲತೊಡಗಿದೆ. ಕಲಿಸಲು ಬರುತ್ತಿದ್ದವರು ಎಪ್ಪತ್ತು ದಾಟಿದ ಒಬ್ಬ ವಸ್ತಾದ. ನಿಪ್ಪಾಣಿ ಕಡೆಯವರು, ಕನ್ನಡ ಮರಾಠಿ ಎರಡೂ ಬರುತ್ತಿತ್ತು. ಬಿಳಿ ಪೈಜಾಮ, ತಲೆಗೆ ಟೊಪ್ಪಿಗೆ, ಒಣಗಿದ ಮೈ. ಆದರೆ ಲಾಠಿ ಹಿಡಿದರೆ ಕೈ ಕಾಣುತ್ತಿರಲಿಲ್ಲ. ಎರಡನೆಯ ದಿನವೇ ನನ್ನ ಹತ್ತಿರ ಬಂದು, “ಅಕ್ಕಾರ, ಸುಮ್ನ ನಿಂತ್ರ ಸೊಳ್ಳಿ ಕಡೀತಾವ. ಹಿಡೀರಿ ಲಾಠಿ,” ಎಂದರು. ನಲವತ್ತಾರು ವರ್ಷದ ನಾನು ಸೆರಗು ಬಿಗಿದು ಲಾಠಿ ಹಿಡಿದೆ.

ಖುಷಿ ಇತ್ತು, ಅದನ್ನು ಅಲ್ಲಗಳೆಯುವುದಿಲ್ಲ. ಮೊದಲು ನೆಲ ಮುಟ್ಟಿ ಹಣೆಗೆ ಒತ್ತಿಕೊಳ್ಳುವುದು, ಎದುರಿನವರಿಗೆ ತಲೆ ಬಾಗುವುದು, ಆಮೇಲೆ ಹೆಜ್ಜೆ. ಮಳೆ ಜೋರಾದರೆ ಪಾರ್ಕಿಂಗಿಗೆ ಓಡಿ ಕಾರುಗಳ ನಡುವೆಯೇ ತಿರುಗಿಸುವುದು. ಜುಲೈ ಹೊತ್ತಿಗೆ ನನ್ನ ಸೊಂಟದ ನೋವು ಹೋಯಿತು, ವೀಣಾಳ ಕೂನು ಬೆನ್ನು ನೆಟ್ಟಗಾಯಿತು. ಮೂವತ್ತು ಹುಡುಗಿಯರ ಲಾಠಿ ಒಟ್ಟಿಗೆ ಗಾಳಿ ಸೀಳಿದಾಗ ಬರುತ್ತಿದ್ದ ಸದ್ದಿಗೆ ನನ್ನ ಕಣ್ಣಲ್ಲಿ ನೀರು ಬಂದದ್ದೂ ಇದೆ.

ವಸ್ತಾದರದು ಒಂದು ಕಟ್ಟುನಿಟ್ಟಿನ ನಿಯಮವಿತ್ತು. ಜೋಡಿಯಾಗಿ ಆಡುವಾಗ ಲಾಠಿಯನ್ನು ಎಷ್ಟು ಜೋರಾದರೂ ಬೀಸು, ಆದರೆ ಎದುರಿನವರ ಮೈಗೆ ನಾಲ್ಕು ಬೆರಳು ದೂರದಲ್ಲಿ ಅದು ನಿಲ್ಲಬೇಕು. ತಾಗಿದರೆ ಲಾಠಿ ಕೆಳಗಿಟ್ಟು, ತಾಗಿಸಿಕೊಂಡವರ ಕಾಲು ಮುಟ್ಟಿ, ಆ ದಿನ ಪೂರ್ತಿ ಹೊರಗೆ ಕೂಡಬೇಕು. ನಾನು ಹೊರಗೆ ಕೂತ ದಿನಗಳೇ ಹೆಚ್ಚು. ಆ ಮೂರು ತಿಂಗಳಲ್ಲಿ ಅರ್ಧ ಸೊಸೈಟಿಯ ಹುಡುಗಿಯರ ಕಾಲು ಮುಟ್ಟಿದ್ದೇನೆ. ವೀಣಾ ಒಂದು ದಿನವೂ ಕೂಡಲಿಲ್ಲ. ಅವಳ ಲಾಠಿ ಕಿವಿಯ ಹತ್ತಿರ ಬಂದು ಅಲ್ಲಾಡದೆ ನಿಲ್ಲುತ್ತಿತ್ತು. ವಸ್ತಾದ ತಮ್ಮ ನಾಲ್ಕು ಬೆರಳು ಅಡ್ಡ ಹಿಡಿದು ಅಳೆದು, “ನೋಡ್ರಿ, ಹಿಡತ ಅಂದ್ರ ಇದು,” ಎಂದು ಎಲ್ಲರಿಗೂ ತೋರಿಸುತ್ತಿದ್ದರು.

ಒಮ್ಮೆ ನಾನು ಕೇಳಿದ್ದೆ. “ವಸ್ತಾದ, ಖರೇನ ಯಾರರ ಮೈಮ್ಯಾಲೆ ಬಂದ್ರ ಇದು ಉಪಯೋಗಕ್ಕ ಬರ್ತದೇನ್ರಿ?” ಅವರು ಲಾಠಿಗೆ ಎಣ್ಣೆ ಸವರುತ್ತ, “ಮೊದಲ ಕೈ ಹಿಡತಕ್ಕ ಬರ್ಲಿ ಅಕ್ಕಾರ,” ಎಂದರು. ಅದು ಉತ್ತರವಲ್ಲ ಎಂದು ನನಗೆ ಆಗಲೇ ತಿಳಿಯಬೇಕಿತ್ತು. ತಿಳಿಯಲಿಲ್ಲವೋ, ತಿಳಿಯುವುದು ಬೇಡವಾಗಿತ್ತೋ.

ಜುಲೈ ಕೊನೆಗೆ ವೀಣಾಳಿಗೆ ಮೊದಲ ನಂಬರಿನ ಮೆಡಲ್, ಸರ್ಟಿಫಿಕೇಟು. ಸೆಕ್ರೆಟರಿ ಸಾಹೇಬರು ಅವಳ ಜೊತೆ ಫೋಟೋ ತೆಗೆಸಿಕೊಂಡು ಎಲ್ಲ ಗ್ರೂಪುಗಳಿಗೂ ಹಾಕಿದರು. ನಮ್ಮವರು ಅದನ್ನು ನೋಡಿ ಫೋನಿನಲ್ಲಿ ಮಗಳಿಗೆ, “ಇನ್ನ ನೀ ಒಬ್ಬಾಕಿನ ಹೋಗವಾ,” ಎಂದರು. ಅವಳ ಮುಖ ಅವತ್ತು ಎಷ್ಟು ಅರಳಿತ್ತೆಂದು ಈಗಲೂ ಕಣ್ಣಿಗೆ ಕಟ್ಟಿದೆ. ಒಬ್ಬಳೇ ಬಸ್ಸಿಗೆ ಹೋಗುವುದು ಇಷ್ಟು ದೊಡ್ಡ ಬಹುಮಾನವೇ? ನಮ್ಮಲ್ಲಿ ಹೌದು.

ಅದಾಗಿ ಎಂಟನೆಯ ದಿನ. ಜಿಟಿಜಿಟಿ ಮಳೆ, ಮೋಡ ಕವಿದು ಗಲ್ಲಿ ಕತ್ತಲಾಗಿತ್ತು. ದೀಪ ಬಂದಿರಲಿಲ್ಲ, ವಾಚಮನ್ ಹೋಗಿದ್ದ. ನಾನು ಒಲೆಯ ಮುಂದೆ ಅವಲಕ್ಕಿಗೆ ಒಗ್ಗರಣೆ ಹಾಕುತ್ತಿದ್ದೆ. ಹೋದ ಹತ್ತು ನಿಮಿಷಕ್ಕೆ ಮಗಳು ತಿರುಗಿ ಬಂದಳು. ಮೈಯೆಲ್ಲ ಕೆಸರು, ಬಲಗೈಯನ್ನು ಎಡಗೈಯಲ್ಲಿ ಎತ್ತಿ ಹಿಡಿದಿದ್ದಳು. ಮಣಿಕಟ್ಟು ಇರಬಾರದ ಕಡೆಗೆ ತಿರುಗಿತ್ತು.

ಬೈಕಿನವನು ಪಕ್ಕಕ್ಕೆ ಬಂದು ನಿಲ್ಲಿಸಿ ಇಳಿದು ಅವಳ ಭುಜಕ್ಕೆ ಕೈ ಹಾಕಿದ್ದ. ಅವಳ ಕೈಯಲ್ಲಿ ಉದ್ದನೆಯ ಛತ್ರಿ ಇತ್ತು. ಕಲಿಸಿದ ಹಾಗೆಯೇ ಒಂದು ಹೆಜ್ಜೆ ಹಿಂದಿಟ್ಟು, ಕಾಲು ಊರಿ, ಛತ್ರಿ ಮಡಚಿ ಬೀಸಿದಳಂತೆ. ಅವನು ಹೆದರಿ ಕಣ್ಣು ಮುಚ್ಚಿಕೊಂಡನಂತೆ. ಛತ್ರಿ ಅವನ ಕಿವಿಯಿಂದ ನಾಲ್ಕು ಬೆರಳು ದೂರ ಬಂದು ನಿಂತಿತು. ಅವನು ಕಣ್ಣು ತೆರೆದು ನೋಡಿ ನಕ್ಕ. ಆಮೇಲೆ ಆ ಛತ್ರಿಯನ್ನೇ ಹಿಡಿದು ತಿರುಚಿ ಅವಳನ್ನು ಗಟಾರದ ಅಂಚಿಗೆ ಕೆಡವಿದ. ಹಾಲಿನ ಗಾಡಿ ಗಲ್ಲಿಗೆ ತಿರುಗಿದ್ದರಿಂದ ಓಡಿಹೋದ.

“ಅವ್ವಾ, ನಿಂತಬಿಡ್ತು. ನಾ ನಿಲ್ಲಸಲಿಲ್ಲ, ಕೈ ತಾನ ನಿಂತಬಿಡ್ತು,” ಎಂದು ಆಸ್ಪತ್ರೆಗೆ ಹೋಗುವ ರಿಕ್ಷಾದಲ್ಲಿ ಅಳುತ್ತಿದ್ದಳು.

“ಒದರಲಿಲ್ಲ ಯಾಕ?”

“ಒದರಿದ್ರ ಎಲ್ಲಾರೂ ಬಂದು ನೋಡ್ತಿದ್ರಲ್ಲ ಅವ್ವಾ.”

ನಾನು ಸೆರಗಿನಿಂದ ಅವಳ ಮುಖದ ಕೆಸರು ಒರೆಸಿದೆ.

ಇನ್ನು ಶುರುವಾಯಿತು ನೋಡಿ ಜನರ ಬುದ್ಧಿವಂತಿಕೆ. ಪೊಲೀಸ್ ಚೌಕಿಯಲ್ಲಿ ಬರೆದುಕೊಳ್ಳುತ್ತಿದ್ದವನು ಲಾಠಿ, ಮೆಡಲ್ ಎಂಬುದನ್ನೆಲ್ಲ ಕೇಳಿಸಿಕೊಂಡು ಪೆನ್ನು ಕೆಳಗಿಟ್ಟು, “ಮಗ ಮಾರಲಂ ಕಾ ನಾಹೀ?” ಎಂದ. ಹಾಗಾದರೆ ಹೊಡೆಯಲಿಲ್ಲ ಯಾಕೆ ಎಂದು. ಕೈ ಹಾಕಿದವನನ್ನು ಇನ್ನೂ ಹುಡುಕಿರಲಿಲ್ಲ, ಮುಂದೆ ಹುಡುಕಲೂ ಇಲ್ಲ; ಕೈ ಮುರಿದುಕೊಂಡವಳು ಉತ್ತರ ಕೊಡಬೇಕು! ಸೊಸೈಟಿಯ ಸಭೆಯಲ್ಲಿ ಸೆಕ್ರೆಟರಿ ಸಾಹೇಬರು ಬಹಳ ದುಃಖದ ಮುಖ ಮಾಡಿ, “ಸರಾವ ಕಮೀ ಪಡಲಾ,” ಎಂದರು. ಅಭ್ಯಾಸ ಕಡಿಮೆಯಾಯಿತಂತೆ! ಮೂರು ತಿಂಗಳು ಒಂದು ಕ್ಲಾಸೂ ತಪ್ಪಿಸದ ಹುಡುಗಿಗೆ. ನಾನು ಎದ್ದು ನಿಂತು, ದೀಪ ಎಲ್ಲಿ, ವಾಚಮನ್ ಎಲ್ಲಿ ಎಂದು ಕೂಗಾಡಿದೆ. “ವಹಿನಿ, ಶಾಂತ ವ್ಹಾ,” ಎಂದು ನನ್ನನ್ನು ಕೂಡಿಸಿದರು. ಅತ್ತಿಗೆಯಂತೆ ನಾನು, ಶಾಂತಳಾಗಬೇಕಂತೆ.

ನಮ್ಮವರದು ಇನ್ನೊಂದು. “ಸಾಕು ಆ ಕಾಲೇಜು. ಗಣಪತಿ ಹಬ್ಬ ಮುಗದ ಮ್ಯಾಲೆ ಇಲ್ಲೇ ಬಾರಾಮತಿಗೆ ಕರಕೊಂಡ ಬರ್ತೀನಿ. ಒಂದು ವರ್ಷ ಹೋದ್ರ ಹೋಗ್ಲಿ, ಮುಂದಿನ ವರ್ಷ ಬ್ಯಾರೆ ಏನರ ಕಲೀಲಿ.” ಮಗಳು ಮುಖ ಗೋಡೆಗೆ ತಿರುಗಿಸಿ ಮಲಗಿದಳು. ಫಾರ್ಮಸಿ ಅವಳೇ ಹಟ ಹಿಡಿದು ಸೇರಿದ್ದು. ಅದು ಹೋದರೆ ಅವಳದು ಅಂತ ಏನೂ ಉಳಿಯುತ್ತಿರಲಿಲ್ಲ. ಹಬ್ಬಕ್ಕೆ ಐದು ವಾರ ಇತ್ತು.

ವಸ್ತಾದರನ್ನು ಅವರ ಖೋಲಿಗೇ ಹುಡುಕಿಕೊಂಡು ಹೋದೆ. ಅವರು ಅಕ್ಕಿ ಆರಿಸುತ್ತಿದ್ದರು. ಕೂಡಿರಿ ಅನ್ನುವ ಮೊದಲೇ ನಾನು ಬಾಯಿಗೆ ಬಂದದ್ದೆಲ್ಲ ಅಂದುಬಿಟ್ಟೆ. “ಹುಡುಗ್ಯಾರಿಗೆ ಕುಣಿಯೋದ ಕಲಿಸಿ ಹೊಡೆದಾಟ ಅಂತ ಹೇಳಿದ್ರಿ. ನನ್ನ ಮಗಳ ಕೈ ಹೋತು. ನಿಮಗ ಮೊದಲ ಗೊತ್ತಿರಲಿಲ್ಲೇನು?”

ಅವರು ಮೊರದಲ್ಲಿದ್ದ ಅಕ್ಕಿಯನ್ನು ಪಕ್ಕಕ್ಕಿಟ್ಟರು.

“ಗೊತ್ತಿತ್ತರಿ ಅಕ್ಕಾರ,” ಎಂದರು. “ನಮ್ಮ ಊರಾಗ ತಾಲೀಮಿಗೆ ಬರ್ತಿದ್ದ ಹುಡುಗ್ರು ಹುಟ್ಟಿದಾಗಿಂದ ಬಡಿದಾಡ್ಕೋತನ ಬೆಳದವ್ರು. ಅವ್ರಿಗೆ ಹೊಡಿಯೂದು ಕಲಸಬೇಕಾಗಿರಲಿಲ್ಲ. ನಿಲ್ಲಸೂದು ಕಲಸಬೇಕಾಗಿತ್ತು. ನಮ್ಮ ವಸ್ತಾದ ನಮಗ ಅದನ್ನ ಕಲಿಸಿದ್ರು, ನಾ ಅದನ್ನ ಇಲ್ಲಿ ಕಲಿಸಿದೆ. ಈ ಹುಡುಗ್ಯಾರು ಜಲ್ಮದಾಗ ಒಬ್ಬರಿಗೂ ಕೈ ಎತ್ತಿದವ್ರಲ್ಲ. ಹೊಡಿಯೂದ ಗೊತ್ತಿಲ್ಲದವ್ರಿಗೆ ನಾ ಹೊಡೀಬ್ಯಾಡ್ರಿ ಅಂತ ಕಲಿಸಿದೆ.”

“ಮತ್ತ ಕ್ಲಾಸಿನ ಬೋರ್ಡಿನ ಮ್ಯಾಲೆ ಆತ್ಮರಕ್ಷಣಾ ಅಂತ ಬರದಿದ್ರಲ್ಲ?”

“ಅದನ್ನ ಸಾಹೇಬ್ರು ಬರಸಿದ್ರು. ನಾ ಆಟ ಅಂತ ಹೇಳಬೇಕಾಗಿತ್ತು. ಇಪ್ಪತ್ತು ವರ್ಷ ಆಗಿತ್ತರಿ, ಮೂವತ್ತು ಮಂದಿ ಒಮ್ಮೆಲೇ ನನ್ನ ಮುಂದ ಲಾಠಿ ಹಿಡದು ನಿಂತು. ಹೇಳಲಿಕ್ಕೆ ಬಾಯಿ ಬರಲಿಲ್ಲ.” ಟೊಪ್ಪಿಗೆ ತೆಗೆದು ತಲೆ ಸವರಿಕೊಂಡರು. “ಗಾಡಿ ಮ್ಯಾಲೆ ಬಂದ ಹರೇದವನ ಮುಂದ ಬರಿಗೈಲೆ ನಾನೂ ನಿಲ್ಲಂಗಿಲ್ಲ. ಒದರಿ ಓಡ್ತೀನಿ.”

ಅವರ ಮೇಲಿನ ಸಿಟ್ಟು ಅಷ್ಟಕ್ಕೆ ಇಳಿದದ್ದು ನಿಜ. ಆದರೆ ದಾರಿಯಲ್ಲಿ ಅದು ತಿರುಗಿ ನನ್ನ ಮೇಲೆಯೇ ಬಂತು. ವೀಣಾಳಿಗೆ ಆರು ವರ್ಷವಿದ್ದಾಗ ನನ್ನ ನಾದಿನಿಯ ಮಗ ಅವಳ ಜಡೆ ಹಿಡಿದು ಎಳೆದಿದ್ದ. ಅವಳು ಸರಿಯಾಗಿ ಒಂದು ಕೊಟ್ಟಿದ್ದಳು. ಹೆಣ್ಣುಹುಡುಗಿ ಕೈ ಎತ್ತುವುದೇ ಎಂದು ಅವಳಿಂದ ಅವನಿಗೆ ಸಾರಿ ಹೇಳಿಸಿದವಳು ನಾನು. ದನಿ ಎತ್ತಬೇಡ, ನಾಲ್ಕು ಜನ ನೋಡುತ್ತಾರೆ ಎಂದು ದಿನಕ್ಕೆ ಹತ್ತು ಸಲ ಹೇಳಿದವಳೂ ನಾನೇ. ವಸ್ತಾದರ ನಾಲ್ಕು ಬೆರಳಿಗಿಂತ ಮೊದಲೇ ನಾನು ಅವಳ ಕೈಯನ್ನು ನಿಲ್ಲಿಸಿಟ್ಟಿದ್ದೆ.

ಮೂರನೆಯ ದಿನ ವಸ್ತಾದ ತಾವಾಗಿ ಬಂದರು, ಹೆಗಲ ಮೇಲೆ ಗೋಣಿಚೀಲ. ಅದಕ್ಕೆ ಹೊಟ್ಟು, ಹರಕು ಬಟ್ಟೆ ತುಂಬಿ ಪಾರ್ಕಿಂಗಿನ ಪೈಪಿಗೆ ತೂಗುಹಾಕಿದರು. “ಎಡಗೈ ಅದ ಅಲ್ಲವಾ? ಹೊಡಿ,” ಎಂದರು ಮಗಳಿಗೆ. ಅವಳು ಹೊಡೆದಳು. ಮುಷ್ಟಿ ಚೀಲದ ಹತ್ತಿರ ಹೋಗಿ ನಿಂತಿತು. ಇನ್ನೊಮ್ಮೆ, ಮತ್ತೊಮ್ಮೆ. ಗೋಣಿಚೀಲಕ್ಕೂ ನೋವಾಗಬಾರದು ಎಂಬಂತೆ! ನಾಲ್ಕು ದಿನ ಹೀಗೇ ನಡೆಯಿತು. ಐದನೆಯ ದಿನ ವಸ್ತಾದ, “ಕೈ ಬಿಡು. ಮೊದಲ ಒದರು,” ಎಂದರು. ಸಣ್ಣ ದನಿ ಹೊರಟಿತು. “ಕೇಳಲಿಲ್ಲ.” ಇನ್ನಷ್ಟು. “ಇಲ್ಲವಾ, ಕೇಳಲಿಲ್ಲ.” ಆಗ ಅವಳು ಒದರಿದಳು ನೋಡಿ, ಮೂರನೆಯ ಮಹಡಿಯವರು ಬಾಲ್ಕನಿಗೆ ಬಂದರು. ನನ್ನ ಬಾಯಿಗೆ ‘ಮೆಲ್ಲಗ’ ಎಂಬ ಮಾತು ಬಂದಿತ್ತು, ನುಂಗಿಕೊಂಡೆ. ಅದೇ ಉಸಿರಿನಲ್ಲಿ ಅವಳು ಚೀಲಕ್ಕೆ ಒಂದು ಬಿಟ್ಟಳು. ಹೊಟ್ಟು ಉದುರಿತು. ಮುಂದೆ ದಿನವೂ ಬರುತ್ತಿದ್ದರು. ಒದರುವುದು, ಹಿಡಿತ ಬಿಡಿಸಿಕೊಳ್ಳುವುದು, ಓಡುವುದು. ಲಾಠಿಯನ್ನು ಮುಟ್ಟಲೂ ಇಲ್ಲ.

ಅಷ್ಟರಲ್ಲಿ ಗಣಪತಿ ಹಬ್ಬ ಬಂತು. ಸೊಸೈಟಿಯ ಮಂಟಪದಲ್ಲಿ ಲಾಠಿ ಪ್ರದರ್ಶನ, ಕೊನೆಗೆ ಒಂದು ಕಿರುನಾಟಕ: ಗೂಂಡಾ ಒಬ್ಬ ಹೆಣ್ಣುಮಗಳನ್ನು ಅಡ್ಡಗಟ್ಟುತ್ತಾನೆ, ಅವಳು ಲಾಠಿ ಬೀಸುತ್ತಾಳೆ, ಅವನು ಉರುಳುತ್ತಾನೆ. ಗೂಂಡಾ ಬೇರೆ ಯಾರು, ಸೆಕ್ರೆಟರಿ ಸಾಹೇಬರೇ, ಅಂಟಿಸಿದ ಮೀಸೆ ಸಮೇತ. ಹೆಣ್ಣುಮಗಳ ಪಾತ್ರಕ್ಕೆ ವೀಣಾಳ ಹೆಸರು ಬರೆದಿದ್ದರು. ಅವಳ ಕೈ ಪ್ಲಾಸ್ಟರಿನಲ್ಲಿತ್ತು. ನಾನು ಮಾಡುತ್ತೇನೆ ಎಂದೆ. “ಅರೆ ವ್ಹಾ ವಹಿನಿ!” ಎಂದು ಅವರಿಗೆ ಭಾಳ ಸಂತೋಷ. ಎಲ್ಲ ಮರೆತು ಬಂದಳು ಎಂದುಕೊಂಡಿರಬೇಕು.

ಸಂಜೆ ಏಳಕ್ಕೆ ಮಂಟಪ ತುಂಬಿತ್ತು. ಮೊದಲ ಸಾಲಿನಲ್ಲಿ ಪ್ಲಾಸ್ಟರಿನ ಕೈಯ ವೀಣಾ, ಪಕ್ಕದಲ್ಲಿ ಬಾರಾಮತಿಯಿಂದ ಬಂದ ನಮ್ಮವರು. ಅವರು ಅವಳ ಪುಸ್ತಕಗಳನ್ನು ಆಗಲೇ ರಟ್ಟಿನ ಡಬ್ಬಿಗೆ ತುಂಬಿಸಿದ್ದರು. ಸಾಹೇಬರು ಗಹಗಹಿಸಿ ನಗುತ್ತ ನನ್ನನ್ನು ಅಡ್ಡಗಟ್ಟಿದರು. ನಾನು ಹೆಜ್ಜೆ ಹಿಂದಿಟ್ಟು ತೊಡೆಯ ಮಟ್ಟಕ್ಕೆ ಬೀಸಿದೆ. ಅವರು ಹಣೆಗೆ ಕೈ ಹಚ್ಚಿ “ಮೇಲೋ ರೇ!” ಎಂದು, ಸತ್ತೆನೋ ಎಂದು, ಉರುಳತೊಡಗಿದರು. ನನ್ನ ಲಾಠಿ ಅವರ ತೊಡೆಯ ಮೇಲೆ ಬಿತ್ತು. ಚಟ್ಟನೆ ಸದ್ದಾಯಿತು. ಎರಡನೆಯ ‘ಮೇಲೋ’ ಬೇರೆ ದನಿಯಲ್ಲಿ ಬಂತು. ಜನ ಚಪ್ಪಾಳೆ ತಟ್ಟಿದರು, ಏನು ಅಭಿನಯ ಎಂದು ಸಿಳ್ಳೆ ಹಾಕಿದರು. ಅವರು ಏಳಲಾಗದೆ ಮೀಸೆ ಕಿತ್ತು ಎಸೆದಾಗಲೇ ಜನರಿಗೆ ತಿಳಿದದ್ದು.

ಕೈ ಜಾರಿತು ಎಂದೆ. ಎಣ್ಣೆ ಹಚ್ಚಿದ ಲಾಠಿ, ಬೆವರಿದ ಕೈ. ಎಲ್ಲರೂ ನಂಬಿದರು, ನಾನು ಮೂರು ತಿಂಗಳು ಹೊರಗೆ ಕೂತದ್ದನ್ನು ನೋಡಿದವರೇ ಅಲ್ಲವೇ? ನಿಯಮದಂತೆ ಲಾಠಿ ಕೆಳಗಿಟ್ಟು ಅವರ ಕಾಲನ್ನೂ ಮುಟ್ಟಿದೆ. ವಸ್ತಾದ ಮಾತ್ರ ನನ್ನನ್ನು ಒಮ್ಮೆ ನೋಡಿ ಟೊಪ್ಪಿಗೆ ಸರಿಪಡಿಸಿಕೊಂಡರು.

ಮುಂದಿನ ಸಭೆಗೆ ಸಾಹೇಬರು ಕುಂಟುತ್ತ ಬಂದರು. ಕೇಳಿದ್ದು ಅದೇ ಎರಡು, ಕೇಳಿದವಳು ನಾನೇ. ಲಾಠಿ ಮನೆಯಲ್ಲೇ ಇತ್ತು, ಆದರೂ ಈ ಸಲ ಯಾರೂ ನನಗೆ ಶಾಂತಳಾಗು ಅನ್ನಲಿಲ್ಲ. ಹದಿನೈದು ದಿನದಲ್ಲಿ ಗಲ್ಲಿಗೆ ದೀಪ ಬಂತು, ಹಿಂದಿನ ಗೇಟಿಗೆ ವಾಚಮನ್ ಬಂದ. ಪಾರಂಪರಿಕ ಯುದ್ಧಕಲೆಯಿಂದ ಹೆಣ್ಣುಮಕ್ಕಳಿಗೆ ರಕ್ಷಣೆ ಸಿಗುತ್ತದೆಯೇ ಎಂದು ಯಾರಾದರೂ ಕೇಳಿದರೆ, ಸಿಕ್ಕಿತು ಎನ್ನುತ್ತೇನೆ, ಈ ರೀತಿ. ನಮ್ಮವರು ಡಬ್ಬಿಯ ಮಾತು ಎತ್ತಲಿಲ್ಲ. “ಆಕಿ ಹೊಂಟ್ರ ಹೋಗ್ಲಿ ಬಿಡು,” ಎಂದಷ್ಟೇ ಅಂದು ಬಾರಾಮತಿಯ ಬಸ್ಸು ಹತ್ತಿದರು. ಪುಸ್ತಕಗಳನ್ನು ವೀಣಾ ಎಡಗೈಯಲ್ಲೇ ಒಂದೊಂದಾಗಿ ಕಪಾಟಿಗೆ ಜೋಡಿಸಿದಳು. ಈಗ ಕ್ಯಾಂಪಿನಲ್ಲಿ ಅವಳದೇ ಔಷಧದ ಅಂಗಡಿ ಇದೆ.

ಕಳೆದ ವಾರ ಮುಂಜಿಯಿಂದ ಬಂದವಳು ಆ ಅಂಗಡಿಗೇ ಹೋಗಿ ಏಳು ದಿನದ ಬ್ಯಾನರಿನ ಸುದ್ದಿ ಹೇಳಿ ಹಾರಾಡಿದೆ. ವೀಣಾ ಗಿರಾಕಿಗೆ ಗುಳಿಗೆ ಕಟ್ಟಿಕೊಟ್ಟು ಕಳಿಸಿ ನನ್ನ ಕಡೆ ತಿರುಗಿದಳು. ಇಷ್ಟು ವರ್ಷ ಕೇಳದಿದ್ದದ್ದನ್ನು ಕೇಳಿದಳು.

“ಅವ್ವಾ, ಅವತ್ತ ನಿನ್ನ ಕೈ ಖರೇನ ಜಾರಿತ್ತೇನ?”

“ಇಲ್ಲವಾ,” ಎಂದೆ. “ನನ್ನ ಜಲ್ಮದಾಗ ಮೊದಲನೇ ಸಲಾ ನಾಕು ಬೆರಳು ದೂರ ಸರಿಯಾಗಿ ನಿಂತಿತ್ತು. ಆ ಮನಶ್ಯಾ, ತಾಗೂಕಿಂತ ಮೊದಲ ಸತ್ತೆ ಅಂತ ಬೀಳಲಿಕ್ಕೆ ಹತ್ತಿದ. ಅದಕ್ಕ ಆ ನಾಕು ಬೆರಳು ನಾನ ಮುಂದ ದೂಡಿದೆ.”